ಹಠ ಇತ್ತು, ಹಠಮಾರಿ ಅಲ್ಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ನ್ಯಾಯಾಲಯಗಳಲ್ಲೇ ಸ್ಟೆನೋಗ್ರಾಫರ್ ಆಗಿ ನನ್ನ ಸೇವೆ ಮುಗಿಯಿತು. ನಿವೃತ್ತಿಯ ಹಿಂದಿನ ವರ್ಷ ಅವುಗಳಲ್ಲೊಂದರಲ್ಲಿ ನಡೆದದ್ದಿದು. ಯಾವುದೆಂದು ಹೇಳುವುದು ಬೇಡ. ಸಾಕ್ಷಿ ಕನ್ನಡದಲ್ಲಿ ನುಡಿದದ್ದನ್ನು ನ್ಯಾಯಾಧೀಶರು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಕೊನೆಗೆ ನಾನೇ ಅದನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ, ಸಾಕ್ಷಿ ಸರಿಯೆಂದು ಒಪ್ಪಿದ ಮೇಲೆ ಸಹಿ. ಸಾಮಾನ್ಯವಾಗಿ ಯಾರೂ ಈ ಓದನ್ನು ಕಿವಿಗೊಟ್ಟು ಕೇಳುವುದಿಲ್ಲ.

ಅಂದು ಸಾಕ್ಷಿ ಕಟಕಟೆಯಲ್ಲಿದ್ದವರು ಪುರವರ ಹೋಬಳಿ ಕಡೆಯ ಕೆಂಚಮ್ಮ, ಕುರಿ ಸಾಕುವ ಮನೆಯವರು. ಮಗಳು ಮಂಜುಳಾ ಗಂಡನ ಮನೆಯಲ್ಲಿ ತಾನೇ ಪ್ರಾಣ ಕಳೆದುಕೊಂಡಿದ್ದಳು. ಕಿರುಕುಳ ಕೊಟ್ಟು ಅವಳನ್ನು ಸಾವಿಗೆ ದೂಡಿದನೆಂಬ ಆರೋಪ ಅಳಿಯನ ಮೇಲಿತ್ತು. ಕೆಂಚಮ್ಮ ಅಳಲಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೆಂದು ಹೇಳುವವರ ದನಿಯಲ್ಲಿ ಎಲ್ಲಕ್ಕೂ ಉತ್ತರ ಕೊಟ್ಟರು.

ಆರೋಪಿ ಪರ ವಕೀಲರು ಪಾಟೀಸವಾಲಿಗೆ ಎದ್ದರು. ಹುಡುಗಿ ತನ್ನ ಹಠದಿಂದಲೇ ಸತ್ತಳು, ಗಂಡನ ತಪ್ಪೇನಿಲ್ಲ ಎನ್ನುವುದು ಅವರ ವಾದ.

"ನಿಮ್ಮ ಮಗಳಿಗೆ ಚಿಕ್ಕಂದಿನಿಂದಲೂ ಹಠ ಜಾಸ್ತಿ, ಅಲ್ವೇನಮ್ಮ?"

"ಹೂಂ ಸ್ವಾಮಿ, ಹಠ ಇತ್ತು. ನಾವು ಬ್ಯಾಡ ಅಂದ್ರೂ ಹಠ ಹಿಡ್ದು ಪಿಯುಸಿ ಓದಿದ್ಲು."

ನ್ಯಾಯಾಧೀಶರು ಹೇಳಿ ಬರೆಸಿದರು: 'ಇಟ್ ಈಸ್ ಟ್ರೂ ದಟ್ ಮೈ ಡಾಟರ್ ವಾಸ್ ಸ್ಟಬರ್ನ್ ಫ್ರಮ್ ಚೈಲ್ಡ್‌ಹುಡ್.' ಪಿಯುಸಿ ಓದಿದ ಮಾತು ಬಿಟ್ಟುಹೋಯಿತು. ಬೆರಳುಗಳು ತಮ್ಮ ಪಾಡಿಗೆ ಟೈಪ್ ಮಾಡಿದವು. ಇಂಥ ಸಾವುಗಳನ್ನು ಟೈಪ್ ಮಾಡಿ ಮಾಡಿ ನನಗೆ ಏನೂ ಅನ್ನಿಸದಂತಾಗಿ ಬಹಳ ಕಾಲವಾಗಿತ್ತು.

ಓದಿ ಹೇಳುವಾಗ ಆ ವಾಕ್ಯ ಬಂತು: "ನನ್ನ ಮಗಳು ಚಿಕ್ಕಂದಿನಿಂದಲೂ ಹಠಮಾರಿ ಎಂಬುದು ನಿಜ."

"ನಾನು ಅಂಗಂದಿಲ್ಲ ಕಣಮ್ಮ," ಎಂದರು ಕೆಂಚಮ್ಮ.

ವಕೀಲರು ನಕ್ಕರು. "ಎರಡೂ ಒಂದೇ ಅಲ್ವೇನಮ್ಮ?"

"ಒಂದೇ ಅಲ್ಲ ಸ್ವಾಮಿ. ಹಠ ಇತ್ತು ಅಂದೆ. ಹಠಮಾರಿ ಅಂತ ಬೈತಿದ್ದೋನು ಅವ್ಳ ಗಂಡ. ಓದಿದ್ದೂ ಬರ್ಸಿ. ಇಲ್ದಿದ್ರೆ ನಾನು ಹೆಬ್ಬೆಟ್ಟು ಒತ್ತಾಕಿಲ್ಲ."

ದನಿ ಏರಲೇ ಇಲ್ಲ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. "ಡಿಟರ್‌ಮಿನ್ಡ್ ಅನ್ನಬಹುದೇ ಮೇಡಂ?" ಎಂದು ತಮ್ಮಷ್ಟಕ್ಕೆ ಎನ್ನುವಂತೆ ಕೇಳಿ, ತಾವೇ ಬೇಡವೆಂದು ತಲೆಯಾಡಿಸಿದರು. ಅದು ಹೊಗಳಿಕೆ, ಸ್ಟಬರ್ನ್ ತೆಗಳಿಕೆ. ತಾಯಿ ಹೇಳಿದ್ದು ಎರಡೂ ಅಲ್ಲ. ಕೊನೆಗೆ "ಹಠ ಅನ್ನೋ ಪದವನ್ನೇ ಇಡಿ. ಮುಂದಿನ ಮಾತನ್ನೂ ಸೇರಿಸಿ," ಎಂದರು. ಇಂಗ್ಲಿಷ್ ವಾಕ್ಯದ ನಡುವೆ ಆ ಕನ್ನಡ ಪದವನ್ನು ಕೂರಿಸಿದೆ. ಕೆಂಚಮ್ಮ ಹೆಬ್ಬೆಟ್ಟು ಒತ್ತಿದರು.

ಪೊಲೀಸರ ಮುಂದೆ ಜಗಳ ಕಂಡೆವೆಂದಿದ್ದ ನೆರೆಹೊರೆಯವರು ನ್ಯಾಯಾಲಯದಲ್ಲಿ ಏನೂ ಗೊತ್ತಿಲ್ಲವೆಂದರು. ಸಂಶಯದ ಲಾಭ ಆರೋಪಿಗೆ ಸಿಕ್ಕಿತು, ಬಿಡುಗಡೆಯಾಯಿತು. ತೀರ್ಪಿನ ದಿನ ಕೆಂಚಮ್ಮ ವರಾಂಡದಲ್ಲಿ ನನ್ನನ್ನು ತಡೆದರು.

"ಅವ್ಳು ಹಠಮಾರಿ, ಅದ್ಕೇ ಸತ್ಲು ಅಂತ ಬರ್ದವ್ರಾ ತಾಯಿ?"

ಆ ತೀರ್ಪನ್ನು ಟೈಪ್ ಮಾಡಿದವಳು ನಾನೇ. "ಇಲ್ಲ ಕಣಮ್ಮ, ಎಲ್ಲೂ ಬರೆದಿಲ್ಲ," ಎಂದೆ.

"ಅಷ್ಟಾಯ್ತಲ್ಲ ಬುಡಿ," ಎಂದು ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದರು. ಒಳಗೆ ಮುಂದಿನ ಪ್ರಕರಣದ ಹೆಸರು ಕೂಗಿದರು, ನಾನೂ ಹೋಗಿ ಕುಳಿತೆ.

ಉಳಿದ ತಿಂಗಳುಗಳಲ್ಲಿ ಹೇಳಿಕೆಗಳನ್ನು ನಿಧಾನವಾಗಿ ಓದತೊಡಗಿದೆ. ಒಂದು ವಾಕ್ಯ ಓದಿ, ಸಾಕ್ಷಿಯ ಮುಖ ನೋಡಿ, ಆಮೇಲೆ ಇನ್ನೊಂದು. ಊಟಕ್ಕೆ ತಡವಾಗುತ್ತದೆಂದು ವಕೀಲರು ಗೊಣಗುತ್ತಿದ್ದರು. ಸತ್ತವರು ಬಂದು ತಿದ್ದಲಾರರು. ತಿದ್ದಬಲ್ಲವರು ಕಟಕಟೆಯಲ್ಲಿ ನಿಂತಿರುವಷ್ಟು ಹೊತ್ತು ಅವರಿಗೆ ಕೇಳಿಸುವಂತೆ ಓದಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಅಷ್ಟೇ.