ಕಾಯಿ ಬಡಿದು ನೋಡುವ ಕಿವಿ

ಮೊನ್ನೆ ಚನ್ನರಾಯಪಟ್ಟಣದ ನನ್ನ ಅಂಗಡಿಗೆ ಕಂಪನಿಯವನೊಬ್ಬ ಹೊಸ ಹೋಮ್ ಥಿಯೇಟರ್ ತಂದು ಬಿಚ್ಚಿದ. ಥರ್ಮಾಕೋಲಿನ ವಾಸನೆ ಮೂಗಿಗೆ ಬಂತು. ಅವನು ರೇಟು ಹೇಳುವಷ್ಟರಲ್ಲಿ ನನ್ನ ಕೈ ತಾನಾಗಿಯೇ ಹೋಗಿ ಸ್ಪೀಕರಿನ ಪಕ್ಕೆಗೆ ಬೆರಳಗೆಣ್ಣಿನಿಂದ ಎರಡು ಸಲ ಬಡಿಯಿತು. ಹಾಗೆ ಬಡಿಯುವುದನ್ನು ಕಲಿಸಿದವರು ಹೊಳೆನರಸೀಪುರದಲ್ಲಿ ತೆಂಗಿನಕಾಯಿ ಮಂಡಿ ನಡೆಸುತ್ತಿದ್ದ ಒಬ್ಬ ಗಿರಾಕಿ ಅಮ್ಮ...

ಆಗ ನಾನು ಹಾಸನದ ಒಂದು ಶೋರೂಮಿನಲ್ಲಿ ಸೇಲ್ಸ್ ಕೆಲಸಕ್ಕಿದ್ದೆ. ತಿಂಗಳುಗಟ್ಟಲೆ ಕದಲದೆ ಕೂತಿದ್ದ ದುಬಾರಿ ಸ್ಪೀಕರ್ ಸೆಟ್ಟೊಂದಿತ್ತು. "ಇವತ್ತು ಅದು ಹೋಗ್ಲಿಲ್ಲ ಅಂದ್ರೆ ನಾಳೆಯಿಂದ ನೀನೂ ಬರಬೇಡ" ಅಂದಿದ್ದರು ಓನರ್ರು. ಉಪಾಯವನ್ನೂ ಅವರೇ ಹೇಳಿಕೊಟ್ಟಿದ್ದರು. ಅಗ್ಗದ್ದನ್ನು ಸಣ್ಣಗೆ ಹಾಕು, ದುಬಾರಿಯದನ್ನು ನಾಲ್ಕು ಪಾಯಿಂಟ್ ಜೋರಾಗಿ ಹಾಕು. ಜೋರಿದ್ದದ್ದೇ ಚೆಂದ ಅಂತ ಕಿವಿ ನಂಬುತ್ತದೆ. ನೀವೂ ಎಲ್ಲೋ ಒಂದು ಕಡೆ ನಂಬಿರುತ್ತೀರಿ, ಬಿಡಿ.

ಅಮ್ಮ ಬಂದದ್ದು ಅದೇ ದಿನ. ಚಪ್ಪಲಿ ಬಾಗಿಲಾಚೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದರು. ಹೇಳಿಕೊಟ್ಟಂತೆಯೇ ಎರಡನ್ನೂ ಹಾಕಿ ತೋರಿಸಿದೆ.

"ಎರಡ್ಕೂ ಒಂದೇ ಸದ್ದು ಮಡುಗವ್ವಾ," ಅಂದರು.

ಓನರ್ರು ಕೌಂಟರಿನಿಂದಲೇ ಕಣ್ಣು ಬಿಟ್ಟರು. ರಿಮೋಟು ನನ್ನ ಕೈಯಲ್ಲಿತ್ತು. ಮನೆ ಬಾಡಿಗೆ, ತಂಗಿಯ ಫೀಸು, ಎಲ್ಲ ನೆನಪಾಯಿತು... ಆದರೂ ಸಮ ಮಾಡಿದೆ.

ಅಮ್ಮ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕಾಯಿ ಆರಿಸುವವರ ಹಾಗೆ ಎರಡೂ ಸ್ಪೀಕರನ್ನು ಬಡಿದು ನೋಡಿದರು. ದುಬಾರಿಯದು ಡಬಡಬ ಅಂದಿತು.

"ಇದ್ರೊಳ್ಗೆ ತಿರುಳಿಲ್ಲ ಕಣವ್ವಾ. ಸಿಪ್ಪೆಗೆ ಇಷ್ಟೊಂದು ದುಡ್ಡಾ?"

ಓನರ್ರು ಎದ್ದು ಬಂದರು. "ಅಮ್ಮಾ, ಇದು ಫಾರಿನ್ ಸೌಂಡು!"

"ಇರ್ಲಿ ಸಾ. ನಮ್ಮಟ್ಟೀಲಿ ಕೇಳೋರೆಲ್ಲಾ ಊರೋರೇ."

ಅಗ್ಗದ್ದನ್ನೇ ಚೌಕಾಸಿ ಮಾಡಿ ಕೊಂಡು ಹೋದರು. ಸಂಜೆ ನನ್ನ ಕೆಲಸ ಹೋಯಿತು. "ಗಿರಾಕಿ ಕಡೆ ನಿಲ್ಲೋಳು ಯಾಪಾರದಲ್ಲಿ ಉದ್ಧಾರ ಆಗಲ್ಲ" ಅಂದರು ಓನರ್ರು. ನನ್ನದೇ ಅಂಗಡಿ ಇಡಬೇಕೆಂಬ ಹಟ ಹುಟ್ಟಿದ್ದು ಆ ಮಾತಿನಿಂದಲೇ.

ಇಟ್ಟೆ. ಬೋಣಿಗೆಗೆ ಮಂಡಿ ಹುಡುಕಿಕೊಂಡು ಹೋಗಿ ಅಮ್ಮನನ್ನೇ ಕರೆದೆ. ಕೆಲಸ ಹೋದ ಕಥೆ ಕೇಳಿ ಅವರು ಅಯ್ಯೋ ಅನ್ನಲಿಲ್ಲ. ಒಂದು ಸಣ್ಣ ರೇಡಿಯೋಗೆ ಅರ್ಧ ಗಂಟೆ ಚೌಕಾಸಿಗೆ ನಿಂತರು. "ನನ್ನತ್ರ ಗೆದ್ರೆ ಯಾರತ್ರಾನೂ ಗೆಲ್ತೀಯ ಕಣ್ ಮಗಾ!" ನಾನು ಸೋತೆ.

ನನ್ನ ಮಾತು ಕೇಳಿ. ಎಲ್ಲೇ ಕೊಂಡರೂ ಸದ್ದು ಸಮ ಮಾಡಿಸಿ. ಮಾಡದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ. ನನ್ನ ಅಂಗಡಿಯಾದರೂ ಅಷ್ಟೇ.

ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಮಂಡಿಯಲ್ಲಿ ಈಗ ಬೇರೆ ಯಾರೋ ಕಾಯಿ ಬಡಿಯುತ್ತಾರೆ...

ಮೊನ್ನೆ ಕಂಪನಿಯವನು ನಕ್ಕ. "ಬಡಿದು ನೋಡೋಕೆ ಇದೇನು ತೆಂಗಿನಕಾಯಾ ಮೇಡಂ?"

"ಹೂಂ. ಬುರುಡೆ ಕಾಯಿ. ವಾಪಸ್ ತಗೊಂಡೋಗಿ."

"ಪಕ್ಕದ ಅಂಗಡಿಯೋರು ಹತ್ತು ತಗೊಂಡವ್ರೆ."

"ತಗೊಳ್ಳಲಿ."

ಅವನು ತನ್ನ ಸೆಟ್ಟು ಕಟ್ಟಿಕೊಂಡು ಹೋದ. ಸರಿಯಾಗಿ ಕೇಳಿಸಿಕೊಂಡೆನಾ ಅಂತ ಕೇಳೋಣವೆಂದರೆ ಅಮ್ಮ ಇಲ್ಲ. ಗಿರಾಕಿಗೆ ತೋರಿಸಲು ಜೋಡಿಸಿಟ್ಟಿದ್ದ ಎರಡು ಸೆಟ್ಟಿನ ಸದ್ದು ಸಮ ಮಾಡಿ, ಬಾಗಿಲ ಕಡೆ ನೋಡುತ್ತಾ ಕೂತೆ.