ಮೇಷ್ಟ್ರು ನನ್ನ ತೊಡೆ ತಟ್ಟಿದ್ದು

ಅಡುಗೆಮನೆಯ ತಟ್ಟೆಯಲ್ಲಿ ಎರಡು ಕೊಬ್ಬರಿ ಗಿಟುಕು ಕೂತಿವೆ. ಬೇರೆಯವರಿಗೆ ಆ ವಾಸನೆ ಹಬ್ಬದ್ದು. ನಾನು ಮೇಲೆ ಇನ್ನೊಂದು ತಟ್ಟೆ ಕವುಚಿಟ್ಟಿದ್ದೇನೆ. ನಮ್ಮ ಮೇಷ್ಟ್ರು ಜಿಯು-ಜಿತ್ಸು ಅನ್ನುವ ಜಪಾನಿ ಪಟ್ಟಿನ ಕುಸ್ತಿ ಕಲಿಸುತ್ತಿದ್ದದ್ದು ಅರಸೀಕೆರೆಯ ಒಂದು ಖಾಲಿ ಕೊಬ್ಬರಿ ಗೋದಾಮಿನಲ್ಲಿ...

ನಾನು ಜಾವಗಲ್ಲಿನ ಗರಡಿಯ ಮಣ್ಣಲ್ಲಿ ಹೊರಳಿ ಬೆಳೆದವನು. ಕುಸ್ತಿ ಬರುತ್ತೆ, ಇದೇನು ಮಹಾ ಅನ್ನುವ ಕೊಬ್ಬು ಬೇರೆ. ಮೇಷ್ಟ್ರು ಸಣಕಲು ಮನುಷ್ಯ. ಹಗಲೆಲ್ಲ ಕೊಬ್ಬರಿ ಮಂಡಿಯಲ್ಲಿ ಮೂಟೆ ತೂಗಿಸಿ, ಸಂಜೆ ಚಾಪೆ ಹಾಸುತ್ತಿದ್ದರು. ನಾನು ಸೇರಿ ವಾರವಾಗಿರಲಿಲ್ಲ. ಅವತ್ತು ಮಿಕ್ಕವರು ಯಾರೂ ಬಂದಿರಲಿಲ್ಲ. ಬೆನ್ನಿನ ಹಿಡಿತ ತೋರಿಸಿದರು. ಎದುರಾಳಿಯ ಹಿಂದೆ ಕೂತು, ಒಂದು ಕಾಲನ್ನು ಅವನ ಹೊಟ್ಟೆಗೆ ಅಡ್ಡ ಹಾಕಿ, ಆ ಪಾದವನ್ನು ನಮ್ಮದೇ ಇನ್ನೊಂದು ಮೊಣಕಾಲಿನ ಹಿಂದೆ ಸಿಕ್ಕಿಸಿ ಹಿಸುಕುವುದು.

"ಸಿಟ್ಟಿಂದ ಹಿಸುಕಬ್ಯಾಡ ಕಣೋ. ಅವನು ಉಸಿರು ಬಿಟ್ಟಾಗ ಒಂದ್ ಚೂರು ಬಿಗಿ ಮಾಡು, ಅಷ್ಟೆ. ಸಾಕಾದ್ರೆ ತಟ್ತಾನೆ, ಬಿಟ್ಬಿಡು," ಅಂದರು. ಸೋತವರು ಚಾಪೆ ತಟ್ಟುವುದನ್ನಷ್ಟೇ ನಾನು ನೋಡಿದ್ದೆ.

ಅವರೇ ನನಗೆ ಬೆನ್ನು ಕೊಟ್ಟು ಕೂತರು. ಹಿಸುಕಿದೆ. ಚಾಪೆಗೆ ಕೈ ಎಟುಕಲಿಲ್ಲವೇನೋ, ನನ್ನ ತೊಡೆ ತಟ್ಟಿದರು. ಅಯ್ಯೋ, ಗರಡಿಯಲ್ಲಿ ತೊಡೆ ತಟ್ಟಿದರೆ ಬಾ ನೋಡೇ ಬಿಡೋಣ ಅಂತ! ಸಿಕ್ಕಿಬಿದ್ದೂ ಸವಾಲು ಹಾಕ್ತಾರಲ್ಲ ಅಂತ ನನಗೆ ಹುರುಪು ಬಂತು. ಮತ್ತೆ ತಟ್ಟಿದರು, ಜೋರಾಗಿ. ನಾನೂ ಜೋರಾಗಿ ಹಿಸುಕಿದೆ. ಒಳಗೆ ಏನೋ ಲಟಕ್ ಅಂದದ್ದು ನನ್ನ ಕಾಲಿಗೇ ತಿಳಿಯಿತು...

ಆಟೋದಲ್ಲಿ ಪಕ್ಕೆ ಹಿಡಿದುಕೊಂಡೇ ಕೇಳಿದರು, "ಸವಾಲು ಅಂದ್ಕಂಡ್ಯೇನ್ಲಾ?" ನಾನು ಹೌದೆಂದು ತಲೆಯಾಡಿಸಿದೆ. ಆಸ್ಪತ್ರೆಯಲ್ಲಿ ಡಾಕ್ಟರಿಗೆ, "ಮೂಟೆ ಮೇಲಿಂದ ಬಿದ್ದೆ ಸಾರ್," ಅಂದುಬಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೇಡಿ, ಬಾಯಿ ಬಿಡಲಿಲ್ಲ.

ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿತ್ತು. ಆಮೇಲೆ ಕೀವು, ಕೆಮ್ಮು, ಮತ್ತೆ ಆಸ್ಪತ್ರೆ... ಮೇಷ್ಟ್ರು ಚಾಪೆಗೆ ಮರಳಲೇ ಇಲ್ಲ. ವರ್ಷ ತುಂಬುವುದರೊಳಗೆ ಹೋಗಿಬಿಟ್ಟರು.

ಏಳು ವರ್ಷ ಆದಮೇಲೆ, ಮೊನ್ನೆ, ನಿಜ ಹೇಳೇ ಬಿಡೋಣ ಅಂತ ಮಾದಿಹಳ್ಳಿಗೆ, ಅವರ ಹೆಂಡತಿಯ ಹತ್ತಿರ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆಕೆ ಕಾಫಿ ಕೊಟ್ಟು ಎದುರಿಗೆ ಕೂತರು.

"ಮೂಟೆ ಮೇಲಿಂದ ಬಿದ್ದಿದ್ದೇ ನೆಪ ಆಯ್ತು ಕಣಪ್ಪ. ಅವತ್ತು ನೀನಾದ್ರೂ ಜೊತೇಲಿದ್ದೆ. ನಂಗೆ ಅದೊಂದೇ ಸಮಾಧಾನ."

ಆ ಸಮಾಧಾನವನ್ನೂ ಹೇಗೆ ಕಿತ್ತುಕೊಳ್ಳಲಿ? ಅಥವಾ ಇದೂ ನನ್ನ ಹೇಡಿತನದ ಇನ್ನೊಂದು ನೆಪವೋ... ಕಾಫಿ ಕುಡಿದು ಎದ್ದೆ. ಬರಿಗೈಲಿ ಕಳಿಸಬಾರದು ಅಂತ ಆಕೆ ಎರಡು ಗಿಟುಕು ಕಾಗದದಲ್ಲಿ ಸುತ್ತಿ ಕೊಟ್ಟರು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ.