ಫ್ರೀಜ್‌ನಲ್ಲಿ ತಡವಾಗಿ ಬಂದ ಎರಡು ಸಾಲು

ಬೇಡ ಅನ್ನುವುದು ನನ್ನ ಕೆಲಸವಾಗಿತ್ತು. ಸಂಬಳದ ಕೆಲಸವಲ್ಲ. ಸಂಬಳಕ್ಕೆ ಮಲ್ಲೇಶ್ವರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಇದು ನಾನಾಗಿಯೇ ಹಚ್ಚಿಕೊಂಡದ್ದು. ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ, ಕಂಪ್ಯೂಟರ್ ನಡೆಸುವ ಒಂದು ಲಿನಕ್ಸ್ ವ್ಯವಸ್ಥೆಯನ್ನು ಬೇರೆ ಬೇರೆ ಊರಿನ ಸ್ವಯಂಸೇವಕರು ಸೇರಿ ಕಟ್ಟುತ್ತೇವೆ. ಅದರಲ್ಲಿ ಪ್ಯಾಕೇಜ್ ಎಂದು ಕರೆಯುವ ಸಾವಿರಾರು ತುಂಡುಗಳಿರುತ್ತವೆ, ಒಂದೊಂದಕ್ಕೂ ಒಬ್ಬರ ಉಸ್ತುವಾರಿ. ಎರಡು ವರ್ಷಕ್ಕೊಮ್ಮೆ ಎಲ್ಲವನ್ನೂ ಕೂಡಿಸಿ ಹೊಸ ಆವೃತ್ತಿ ಬಿಡುಗಡೆ ಮಾಡುತ್ತೇವೆ. ಅದಕ್ಕೆ ಕೆಲವು ತಿಂಗಳು ಮೊದಲೇ ಫ್ರೀಜ್ ಎಂದು ಸಾರಿ ಬಾಗಿಲು ಹಾಕುತ್ತೇವೆ. ಆಮೇಲೆ ಏನಾದರೂ ಬದಲಿಸಬೇಕೆಂದರೆ ಅರ್ಜಿ ಹಾಕಬೇಕು. ಯಾಕೆ ಬದಲಿಸಬೇಕು, ಕೋಡಿನ ಯಾವ ಯಾವ ಸಾಲು ಬದಲಾಗಿದೆ, ಎಷ್ಟು ಜನರಿಗೆ ತೊಂದರೆ ಎಂದು ಬರೆಯಬೇಕು. ಆ ಅರ್ಜಿಗಳನ್ನು ಓದುವ ನಾಲ್ವರಲ್ಲಿ ನಾನೊಬ್ಬ.

ಮೊದಲು ನಾನು ಇಷ್ಟು ಬಿಗಿಯಾಗಿರಲಿಲ್ಲ. ಹಿಂದಿನ ಒಂದು ಬಿಡುಗಡೆಯಲ್ಲಿ ಗೆಳೆಯನೊಬ್ಬ ಕೊನೇ ವಾರದಲ್ಲಿ ಗೋಗರೆದ ಎಂದು ಅವನ ಬದಲಾವಣೆಯನ್ನು ಸರಿಯಾಗಿ ನೋಡದೆ ಒಳಗೆ ಬಿಟ್ಟೆ. ಅದರಿಂದಾಗಿ ಎಷ್ಟೋ ಜನರ ಕಂಪ್ಯೂಟರುಗಳು ಶುರುವಾಗದೆ ಕಪ್ಪು ಪರದೆ ತೋರಿಸುತ್ತಾ ನಿಂತವು. ತಿಂಗಳುಗಟ್ಟಲೆ ಎಲ್ಲರಿಂದ ಬೈಸಿಕೊಂಡೆ. ಅಂದಿನಿಂದ ದೊಡ್ಡ ಬದಲಾವಣೆ ಕಂಡರೆ ಓದುವ ಮೊದಲೇ ಬೇಡ ಅನ್ನುತ್ತಿದ್ದೆ. ಅದಕ್ಕೆಂದೇ ಒಂದು ಸಿದ್ಧ ಉತ್ತರ ಬರೆದಿಟ್ಟುಕೊಂಡಿದ್ದೆ. 'ಬದಲಾವಣೆ ಅಗತ್ಯಕ್ಕಿಂತ ದೊಡ್ಡದಿದೆ, ಮುಂದಿನ ಆವೃತ್ತಿಯಲ್ಲಿ ಪರಿಗಣಿಸೋಣ.' ನೋಡಲು ಎಷ್ಟು ಮರ್ಯಾದಸ್ಥ ವಾಕ್ಯ!

ಕನ್ನಡ ಓದಿ ಹೇಳುವ ಪ್ಯಾಕೇಜಿನ ಉಸ್ತುವಾರಿ ಚಾಮರಾಜಪೇಟೆಯ ಒಬ್ಬ ಹಿರಿಯರದು. ಕಣ್ಣು ಕಾಣದವರಿಗಾಗಿ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದುವ ದನಿ ಅದು. ಅವರು ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳಿಗೆ ಮೂವತ್ತು ವರ್ಷ ಪ್ರೂಫ್ ನೋಡಿದವರು. ನಿವೃತ್ತಿಯಾದ ಮೇಲೆ ಕೂತು ಇದನ್ನೆಲ್ಲ ಕಲಿತಿದ್ದರು. ಯಾಕೆ ಕಲಿತರೆಂದು ನಾನು ಕೇಳಿರಲಿಲ್ಲ. ಬಸವನಗುಡಿಯಲ್ಲಿ ನಮ್ಮವರೆಲ್ಲ ಸೇರಿದ್ದ ಒಂದು ಭಾನುವಾರ ಪರಿಚಯವಾಗಿ, ಫ್ರೀಜ್ ಎಂದರೇನೆಂದು ನಾನು ವಿವರಿಸಲು ಹೊರಟಾಗ ನಕ್ಕುಬಿಟ್ಟರು.

"ಇದು ನಮಗೇನು ಹೊಸದಲ್ಲ ಬಿಡಿ. ಕೊನೇ ಪ್ರೂಫ್‌ಗೆ ಗಿರಾಕಿ ಸೈನ್ ಹಾಕಿದ್ಮೇಲೆ ಮುಗೀತು. ಚಿಕ್ಕಪ್ಪನ ಹೆಸರು ಬಿಟ್ಟೋಗಿದೆ ಅಂತ ಅಳ್ತಾ ಬರೋರು. ಆಗಲ್ಲ ಅಂತಿದ್ವಿ. ಮುಹೂರ್ತದ ಟೈಮ್ ತಪ್ಪಾಗಿದ್ರೆ ಮಾತ್ರ ಮಿಷಿನ್ ನಿಲ್ಸೋದು."

ಅಷ್ಟು ಚೆನ್ನಾಗಿ ನಮ್ಮವರಲ್ಲೇ ಯಾರೂ ಹೇಳಿರಲಿಲ್ಲ. ಆ ಮಾತನ್ನು ಹೊಸಬರಿಗೆಲ್ಲ ನನ್ನದೇ ಎಂಬಂತೆ ಹೇಳಿಕೊಂಡು ತಿರುಗಿದೆ.

ಆ ಸಲದ ಫ್ರೀಜ್ ಮುಗಿಯಲು ಹತ್ತು ದಿನವಿದ್ದಾಗ ಅವರದೇ ಅರ್ಜಿ ಬಂತು. ಯಾವುದೋ ಬದಲಾವಣೆಯ ದೆಸೆಯಿಂದ ಕನ್ನಡದ ದನಿ ಅಂಕಿಗಳನ್ನು ನುಂಗುತ್ತಿತ್ತು. ಅಕ್ಷರದಲ್ಲಿ ಬರೆದರೆ ಓದುತ್ತದೆ, ಅಂಕಿಯಲ್ಲಿದ್ದರೆ ಹಾರಿಸಿ ಮುಂದೆ ಹೋಗುತ್ತದೆ. ಆದರೆ ಅವರು ಕಳಿಸಿದ ತಿದ್ದುಪಡಿ ಮೂರು ಸಾವಿರ ಸಾಲಿನದು! ಎಲ್ಲ ಫೈಲುಗಳಲ್ಲೂ ಎಡ ಅಂಚು ನೇರ ಮಾಡಿದ್ದರು, ಹೆಚ್ಚಾಗಿದ್ದ ಖಾಲಿ ಜಾಗ ತೆಗೆದಿದ್ದರು, ಪಟ್ಟಿಗಳನ್ನು ಅಕಾರಾದಿಯಾಗಿ ಜೋಡಿಸಿದ್ದರು. ಎಷ್ಟು ಜನರಿಗೆ ತೊಂದರೆ ಎಂಬಲ್ಲಿ ಏನೂ ಬರೆದಿರಲಿಲ್ಲ. ಗಾತ್ರ ನೋಡಿದವನೇ ಸಿದ್ಧ ಉತ್ತರ ಕಳಿಸಿದೆ.

ಮರುದಿನ ಮಧ್ಯಾಹ್ನ ಅವರ ಫೋನ್ ಬಂತು. ನಾನು ಸಂಪಿಗೆ ರಸ್ತೆಯ ಹೋಟೆಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ.

"ಇದು ಮುಹೂರ್ತದ ತಪ್ಪಲ್ವಾ?" ಎಂದರು. "8 ಗಂಟೆಗೆ ಬಾ ಅಂತಿದ್ರೆ, ಬರೀ ಗಂಟೆಗೆ ಬಾ ಅನ್ನತ್ತೆ."

"ಹಾಗಾದ್ರೆ ಮುಹೂರ್ತ ಮಾತ್ರ ತಿದ್ದಬೇಕಿತ್ತು ಸರ್. ಇಡೀ ಕಾರ್ಡ್ ಯಾಕೆ ಮುಟ್ಟಿದ್ರಿ?"

"ಕಣ್ಣಿಗೆ ಬಿದ್ದ ತಪ್ಪನ್ನ ಹಾಗೇ ಬಿಟ್ಟು ಪ್ರೂಫ್ ಕೊಟ್ಟು ನನಗೆ ಅಭ್ಯಾಸ ಇಲ್ಲ," ಎಂದರು.

ಅವರ ಮಾತಿನಿಂದಲೇ ಅವರ ಬಾಯಿ ಮುಚ್ಚಿಸಿದೆನಲ್ಲ ಎಂದು ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಖುಷಿಯಾಯಿತು. ಆ ಅಂದಚೆಂದದ ತಿದ್ದುಗಳನ್ನು ಬದಿಗಿಟ್ಟು ನಿಜವಾದ ಬದಲಾವಣೆಯನ್ನಷ್ಟೇ ಹೆಕ್ಕಿ ತೆಗೆಯುವುದು ನನಗೆ ಹತ್ತು ನಿಮಿಷದ ಕೆಲಸ. ಅವರಿಗೆ ಆ ಉಪಾಯ ಗೊತ್ತಿಲ್ಲವೆಂಬುದೂ ನನಗೆ ಗೊತ್ತಿತ್ತು. ಆದರೂ ಹೇಳಲಿಲ್ಲ. ಅದರ ಬದಲು ಸಮಾಧಾನ ಮಾಡುವವನ ಹಾಗೆ, "ಹೋಗ್ಲಿ ಬಿಡಿ ಸರ್, ಕನ್ನಡದಲ್ಲಿ ಇದನ್ನ ಕೇಳೋರು ಎಷ್ಟು ಜನ ಇದಾರೆ? ಮುಂದಿನ ರಿಲೀಸ್‌ಗೆ ನೋಡೋಣ," ಎಂದೆ.

"ಆಗ್ಲಿ," ಎಂದು ಇಟ್ಟುಬಿಟ್ಟರು. ಬಿಡುಗಡೆ ಹೇಳಿದ ದಿನಕ್ಕೇ ಆಯಿತು. ಯಾರ ಕಂಪ್ಯೂಟರೂ ಕಪ್ಪಾಗಲಿಲ್ಲ. ನಾವು ಒಬ್ಬರಿಗೊಬ್ಬರು ಶಭಾಷ್ ಹೇಳಿಕೊಂಡೆವು.

ಒಂದೂವರೆ ತಿಂಗಳ ಮೇಲೆ ಅವರ ವಿಳಾಸದಿಂದ ಒಂದು ಮೇಲ್ ಬಂತು. ಬರೆದವರು ಅವರ ನಾದಿನಿ. ಭಾವ ಹೃದಯದ ಆಪರೇಷನ್ ಆದಮೇಲೆ ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ, ಅಕ್ಕನ ಕಂಪ್ಯೂಟರ್ ಸರಿಯಾಗಿ ಓದುತ್ತಿಲ್ಲ, ಭಾವನ ಪತ್ರಗಳಲ್ಲಿ ನಿಮ್ಮ ಹೆಸರಿತ್ತು, ಒಮ್ಮೆ ಬಂದು ನೋಡುತ್ತೀರಾ ಎಂದಿತ್ತು. 'ಅಕ್ಕನ ಕಂಪ್ಯೂಟರ್' ಎಂಬ ಮಾತಿನಲ್ಲೇ ಅವರು ಇದನ್ನೆಲ್ಲ ಯಾರಿಗಾಗಿ ಕಲಿತಿದ್ದರೆಂದು ನನಗೆ ಅರ್ಥವಾಯಿತು.

ಶನಿವಾರ ಮಧ್ಯಾಹ್ನ ಹೋದೆ. ಮೊದಲ ಮಹಡಿಯ ಬಾಡಿಗೆ ಮನೆ. ನಾದಿನಿ ಬಾಗಿಲು ತೆಗೆದು ಕಾಫಿಗಿಡಲು ಒಳಗೆ ಹೋದರು. ಹಿರಿಯರ ಹೆಂಡತಿ ಕಂಪ್ಯೂಟರಿನ ಮುಂದೆ ಕೂತಿದ್ದರು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿ ಎಂಟು ವರ್ಷವಾಗಿತ್ತಂತೆ. ಬಲ ಮುಂಗೈಗೆ ಬ್ಯಾಂಡೇಜು ಸುತ್ತಿತ್ತು.

"ನಮಸ್ಕಾರ ಅಮ್ಮ," ಎಂದೆ. ಅವರು ತಲೆ ಎತ್ತಿ ಒಂದು ಕ್ಷಣ ಹಾಗೇ ಇದ್ದರು. "ಬನ್ನಿ, ಕೂತ್ಕೊಳಿ. ಇದನ್ನ ಕೇಳಿ," ಎಂದು ಒಂದು ಗುಂಡಿ ಒತ್ತಿದರು.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಗಂಡ ಟೈಪು ಮಾಡಿಟ್ಟ ಪಟ್ಟಿ ಅದು. ಡಾಕ್ಟರು ಆಗಷ್ಟೇ ಬದಲಿಸಿದ್ದ ಔಷಧಿಗಳು ಅದರಲ್ಲಿದ್ದವು. ದನಿ ಓದಿತು: ಬೆಳಗ್ಗೆ ತಿಂಡಿಗೆ ನಿಮಿಷ ಮುಂಚೆ ಇನ್ಸುಲಿನ್ ಯೂನಿಟ್. ತಿಂಡಿಯಾದ ಮೇಲೆ ದುಂಡು ಡಬ್ಬಿಯಿಂದ ಮಾತ್ರೆ. ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ಯೂನಿಟ್. ಅಂಕಿ ನುಂಗಿದ ಜಾಗದಲ್ಲಿ ಅದು ತಡವರಿಸುತ್ತಲೂ ಇರಲಿಲ್ಲ. ಎಲ್ಲ ಸರಿಯಾಗಿದೆ ಅನ್ನುವ ಹಾಗೆ ಓದಿಕೊಂಡು ಹೋಗಿ ಕೊನೆಗೆ ಅವರು ಸೇರಿಸಿದ್ದ ಸಾಲನ್ನೂ ಹೇಳಿತು: ಎರಡು ಸಲ ನೋಡಿದ್ದೇನೆ. ತಪ್ಪಿಲ್ಲ.

"ಇನ್ಸುಲಿನ್ ಪೆನ್ನು ತಿರುಗಿಸಿದ್ರೆ ಟಿಕ್ ಟಿಕ್ ಅನ್ನತ್ತೆ," ಎಂದರು ಆಕೆ. "ಎಣಿಸ್ಕೊಂಡು ನಾನೇ ಚುಚ್ಕೋತೀನಿ. ಎಷ್ಟು ಎಣಿಸ್ಬೇಕು ಅಂತ ಇದು ಹೇಳ್ಬೇಕಲ್ಲ? ತಂಗಿ ಏಳೂವರೆಗೇ ಕೆಲಸಕ್ಕೆ ಹೋಗ್ತಾಳೆ. ಹಳೇ ಲೆಕ್ಕದಲ್ಲೇ ತಗೊಂಡೆ. ಜಾಸ್ತಿ ಆಗಿ ಅಡುಗೆಮನೇಲಿ ಬಿದ್ದೆ. ಈಗ ಅವಳು ಬಾಯಿಪಾಠ ಮಾಡಿಸಿದಾಳೆ. ಆದ್ರೂ ಇದು ಅವರು ಬರೆದಿದ್ದು ನೋಡಿ."

ನಾನು ಅವರ ಗಂಡನ ಕುರ್ಚಿ ಎಳೆದುಕೊಂಡು ಕೂತೆ. ಹಿರಿಯರು ಮನೆಯ ಕಂಪ್ಯೂಟರಿಗೆ ತಮ್ಮ ತಿದ್ದುಪಡಿ ಹಾಕಿಕೊಂಡಿದ್ದರು, ಪಟ್ಟಿಯನ್ನು ಅದರಲ್ಲೇ ಓದಿಸಿ ನೋಡಿದ್ದರು. ಆದರೆ ಹೊಸ ಆವೃತ್ತಿ ಬಂದರೆ ತಾನಾಗಿಯೇ ಹಾಕಿಕೊಳ್ಳಲಿ ಎಂದೂ ಬಿಟ್ಟಿದ್ದರು. ನಮ್ಮ ಕೈಯಿಂದ ಬರುವುದು ಸರಿಯಾಗೇ ಇರುತ್ತದೆಂಬ ನಂಬಿಕೆ. ಅವರು ಆಸ್ಪತ್ರೆಯಲ್ಲಿದ್ದಾಗ ನಮ್ಮ ಬಿಡುಗಡೆ ಬಂದು ಅವರ ತಿದ್ದುಪಡಿಯನ್ನು ಅಳಿಸಿ ಹಾಕಿತ್ತು.

ಅವರ ಹಳೆಯ ಅರ್ಜಿ ತೆರೆದೆ. ಆ ಮೂರು ಸಾವಿರದಿಂದ ನಿಜವಾದ ಬದಲಾವಣೆಯನ್ನು ಹೆಕ್ಕಿದೆ. ಎರಡು ಸಾಲು ಸಿಕ್ಕಿತು. ಎರಡೇ. ಅವನ್ನು ಆ ಕಂಪ್ಯೂಟರಿಗೆ ಹಾಕಿ ಮುಗಿಸಲು ನನಗೆ ಹತ್ತು ನಿಮಿಷವೂ ಹಿಡಿಯಲಿಲ್ಲ, ನಾದಿನಿ ತಂದಿಟ್ಟ ಕಾಫಿ ಇನ್ನೂ ಬಿಸಿಯಾಗಿಯೇ ಇತ್ತು. ಕುಡಿಯುವ ಮುಖ ನನಗಿರಲಿಲ್ಲ.

"ಅಮ್ಮ," ಎಂದೆ, "ಆವತ್ತು ಇದನ್ನ ಬೇಡ ಅಂದಿದ್ದು ನಾನೇ."

"ಗೊತ್ತು. ನೀವು ನಮಸ್ಕಾರ ಅಂದಾಗಲೇ ದನಿ ಗುರುತು ಹಿಡಿದೆ. ಆವತ್ತು ಫೋನ್ ಸ್ಪೀಕರ್‌ನಲ್ಲಿತ್ತು. ಕೇಳೋರು ಎಷ್ಟು ಜನ ಇದಾರೆ ಅಂದ್ರಲ್ಲ, ಪಕ್ಕದಲ್ಲೇ ಕೂತಿದ್ದೆ. ನಾನು ಒಬ್ಬಳಿದೀನಪ್ಪಾ ಅಂತ ಹೇಳೋಕೆ ಹೋದೆ. ಅವರು ಕೈ ಹಿಡ್ಕೊಂಡು ಸುಮ್ನಿರು ಅಂದ್ರು."

ಕ್ಷಮಿಸಿ ಎಂದೆನೋ ಇಲ್ಲವೋ ನೆನಪಿಲ್ಲ. ನೆನಪಿರುವುದು ಅವರ ಬೆರಳು ಮತ್ತೆ ಗುಂಡಿಯ ಮೇಲೆ ಹೋದದ್ದು. ಈ ಸಲ ದನಿ ಏನನ್ನೂ ನುಂಗಲಿಲ್ಲ. ಹದಿನೈದು ನಿಮಿಷ ಮುಂಚೆ. ಹದಿನಾಲ್ಕು ಯೂನಿಟ್. ಒಂದು ಮಾತ್ರೆ. ಅವರು ಪ್ರತಿ ಅಂಕಿಗೂ ಮೇಜಿನ ಮೇಲೆ ಬೆರಳಿನಿಂದ ಅಷ್ಟು ಸಲ ತಟ್ಟಿ ಎಣಿಸುತ್ತಿದ್ದರು. ಎರಡು ಸಲ ನೋಡಿದ್ದೇನೆ, ತಪ್ಪಿಲ್ಲ ಎಂದು ದನಿ ಹೇಳಿ ಮುಗಿಸುವ ತನಕ ನಾನು ಎದ್ದು ನಿಲ್ಲಲಿಲ್ಲ.